ಮೇಲ್ ಸರ್ವರ್ ಸೆಟ್ಟಿಂಗ್ ತಪ್ಪಿದಾಗ ಮೊದಲು 550 ನಿಲ್ಲಿಸಿ

ಶುಕ್ರವಾರ ಬೆಳಿಗ್ಗೆ 9:40ಕ್ಕೆ ಮಂಗಳೂರಿನ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದರು. ‘ಮೇಡಂ, ರಾತ್ರಿ ಕಳಿಸಿದ ಡ್ರಾಫ್ಟ್ ಬಿಎಲ್ ವಾಪಸ್ ಬಂದಿದೆ. ಅಂಥ ಐಡಿಯೇ ಇಲ್ಲ ಅಂತಿದೆ. ಆಫೀಸಲ್ಲಿ ಐಡಿ ಏನಾದ್ರೂ ಬದಲಾಯ್ಸಿದ್ರಾ?’

ಬದಲಾಯಿಸಿರಲಿಲ್ಲ. ಹಿಂದಿನ ರಾತ್ರಿ 10:45ಕ್ಕೆ ಹಳೆಯ ಮೇಲ್ ಸರ್ವರ್‌ನಿಂದ ಹೊಸದಕ್ಕೆ ಬಂದಿದ್ದೆವು, ಅಷ್ಟೆ. ನಾನು ಹಾಸನದಲ್ಲಿದ್ದುಕೊಂಡು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮತ್ತು ಇನ್ನೂ ಮೂರು ಸಣ್ಣ ಕಚೇರಿಗಳ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಫೆಬ್ರವರಿಯೆಂದರೆ ರೊಬಸ್ಟಾ ಕುಯ್ಲಿನ ಕಾಲ. ಸ್ಯಾಂಪಲ್ ಒಪ್ಪಿಗೆ, ಕಂಟೇನರ್ ಬುಕಿಂಗ್, ಬಿಎಲ್ ಅಂದರೆ ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹಾಕಿದ್ದಕ್ಕೆ ಕೊಡುವ ದಾಖಲೆ) ಕರಡು ಎಲ್ಲವೂ ಮೇಲ್‌ನಲ್ಲೇ ನಡೆಯುತ್ತವೆ. ಬಿಎಲ್ ಕರಡಿಗೆ ಹೊತ್ತಿಗೆ ಸರಿಯಾಗಿ ಒಪ್ಪಿಗೆ ಹೋಗದಿದ್ದರೆ ಬಂದರಿನಲ್ಲಿ ಸರಕು ಕಾಯುತ್ತದೆ, ಕಾದ ದಿನಕ್ಕೆ ದುಡ್ಡು ಕಟ್ಟಬೇಕಾಗುತ್ತದೆ. ಅಂಥ ರಾತ್ರಿಯೊಂದರಲ್ಲಿ ಹನ್ನೊಂದು ಗಂಟೆ ಕಾಲ ನಮ್ಮ ಸರ್ವರ್ ಬಂದವರಿಗೆಲ್ಲ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಹೇಳಿ ಕಳಿಸುತ್ತಿತ್ತು.

ಆ ದಿನ ಏನು ಮಾಡಿದೆ, ಯಾವುದನ್ನು ಮೊದಲು ಮಾಡಬೇಕಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ಬಳಸುವುದು ಡೆಬಿಯನ್ 12 ಎಂಬ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್. ಮೇಲ್ ಸಾಗಿಸುವುದು ಪೋಸ್ಟ್‌ಫಿಕ್ಸ್, ಅದನ್ನು ಇನ್‌ಬಾಕ್ಸ್‌ನಲ್ಲಿ ಇಟ್ಟು ತೋರಿಸುವುದು ಡವ್‌ಕಾಟ್. ಬೇರೆ ಸರ್ವರ್ ಇಟ್ಟುಕೊಂಡವರಿಗೆ ಆಜ್ಞೆಗಳು ಬೇರೆಯಾದರೂ ಕೆಲಸದ ಕ್ರಮ ಇದೇ.

ಮೊದಲ ಐದು ನಿಮಿಷ

ತಪ್ಪು ಎಲ್ಲಿದೆ ಎಂದು ಹುಡುಕಲು ಕೂರಬೇಡಿ. ಕೈ ಅದಕ್ಕೇ ಹೋಗುತ್ತದೆ, ತಡೆದುಕೊಳ್ಳಿ. ನೀವು ಹುಡುಕುತ್ತಿರುವ ಅರ್ಧ ಗಂಟೆಯಲ್ಲೂ ಸರ್ವರ್ ಇನ್ನಷ್ಟು ಮೇಲ್‌ಗಳನ್ನು ತಿರುಗಿಸಿ ಕಳಿಸುತ್ತಲೇ ಇರುತ್ತದೆ.

ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೂರಂಕಿಯ ಸಂಖ್ಯೆಯಲ್ಲಿ ಉತ್ತರ ಕೊಡುತ್ತವೆ. ಎರಡರಿಂದ ಶುರುವಾದರೆ ‘ಆಯಿತು’. ನಾಲ್ಕರಿಂದ ಶುರುವಾದರೆ ‘ಈಗ ಆಗುವುದಿಲ್ಲ, ಆಮೇಲೆ ಬಾ’. ಐದರಿಂದ ಶುರುವಾದರೆ ‘ಆಗುವುದೇ ಇಲ್ಲ, ಮತ್ತೆ ಬರಬೇಡ’. ನಾಲ್ಕಕ್ಕೂ ಐದಕ್ಕೂ ಇರುವ ಈ ವ್ಯತ್ಯಾಸದ ಮೇಲೇ ಆ ದಿನದ ಕಥೆಯೆಲ್ಲ ನಿಂತಿದೆ. 450 ಕೇಳಿಸಿಕೊಂಡ ಸರ್ವರ್ ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತದೆ. ಕೈಬಿಡುವ ಮುಂಚೆ ಕನಿಷ್ಠ ನಾಲ್ಕೈದು ದಿನ ಪ್ರಯತ್ನಿಸಬೇಕು ಎಂದು ಮೇಲ್ ಸಾಗಣೆಯ ನಿಯಮಪತ್ರವಾದ ಆರ್‌ಎಫ್‌ಸಿ 5321 ಹೇಳುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿ ಐದು ದಿನ ಇಟ್ಟುಕೊಳ್ಳುತ್ತದೆ. 550 ಕೇಳಿಸಿಕೊಂಡ ಸರ್ವರ್ ಅದೇ ಕ್ಷಣ ಕಳಿಸಿದವರಿಗೆ ‘ನಿಮ್ಮ ಮೇಲ್ ತಲುಪಲಿಲ್ಲ’ ಎಂದು ಬರೆದು ಕೆಲಸ ಮುಗಿಸುತ್ತದೆ. ಇದನ್ನೇ ಬೌನ್ಸ್ ಅನ್ನುವುದು. ಆ ಮೇಲ್ ನಿಮ್ಮ ಹತ್ತಿರ ಎಂದೂ ಬಂದಿರುವುದಿಲ್ಲ, ಇನ್ನು ತಾನಾಗಿ ಬರುವುದೂ ಇಲ್ಲ.

ಹಾಗಾಗಿ ಮೊದಲ ಕೆಲಸ ಐದನ್ನು ನಾಲ್ಕು ಮಾಡುವುದು. ಪೋಸ್ಟ್‌ಫಿಕ್ಸ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಅದರ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಕಡತದಲ್ಲಿ ಸಾಫ್ಟ್_ಬೌನ್ಸ್ = ಯೆಸ್ (soft_bounce = yes) ಎಂದು ಬರೆದು ಪೋಸ್ಟ್‌ಫಿಕ್ಸ್ ರೀಲೋಡ್ ಕೊಡಿ. ಕಡತ ತೆರೆಯುವುದಕ್ಕೂ ಕೈ ನಡುಗುತ್ತಿದ್ದರೆ ಪೋಸ್ಟ್‌ಕಾನ್ಫ್ ಆಜ್ಞೆಗೆ -ಇ ಸೇರಿಸಿ ಇದೇ ಸಾಲನ್ನು ಕೊಡಿ, ಅದೇ ಬರೆದುಕೊಳ್ಳುತ್ತದೆ. ಆಗಿನಿಂದ ನಿಮ್ಮ ಸರ್ವರ್ ಯಾರಿಗೂ ಶಾಶ್ವತವಾಗಿ ‘ಇಲ್ಲ’ ಅನ್ನುವುದಿಲ್ಲ, ‘ಆಮೇಲೆ ಬಾ’ ಅನ್ನುತ್ತದೆ. ನಿಮಗೆ ಗಂಟೆಗಟ್ಟಲೆ ಸಮಯ ಸಿಕ್ಕಿತು. ಅವತ್ತು ನಾನು ಇದನ್ನು ಹಾಕಿದ್ದು 9:52ಕ್ಕೆ. ಫೋನ್ ಬಂದ ಮೇಲೆ ಹನ್ನೆರಡು ನಿಮಿಷ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆ, ಓದುತ್ತ ಕೂತಿದ್ದೆ. ಆ ಹನ್ನೆರಡು ನಿಮಿಷದಲ್ಲೂ ನಾಲ್ಕು ಮೇಲ್ ವಾಪಸ್ ಹೋಗಿದ್ದವು ಎಂದು ಆಮೇಲೆ ಗೊತ್ತಾಯಿತು.

ಏನು ಮಾಡಬೇಕೆಂದು ಹೊಳೆಯದೇ ಹೋದರೆ ಪೋಸ್ಟ್‌ಫಿಕ್ಸ್ ಸ್ಟಾಪ್ ಕೊಟ್ಟುಬಿಡಿ. ನಿಂತ ಸರ್ವರ್ ಮೇಲ್ ಕಳೆಯುವುದಿಲ್ಲ. ಬಾಗಿಲು ತಟ್ಟಿದವರಿಗೆ ಉತ್ತರವೇ ಸಿಗದಿದ್ದರೆ ಅವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತಾರೆ. ‘ಸರ್ವರ್ ಡೌನ್’ ಎಂದು ಯಜಮಾನರಿಗೆ ಹೇಳಲು ಹಿಂಜರಿದು ಅದನ್ನು ಓಡಿಸುತ್ತಲೇ ಇರುವವರನ್ನು ನೋಡಿದ್ದೇನೆ. ತಪ್ಪು ಉತ್ತರ ಕೊಡುತ್ತ ಓಡುವ ಸರ್ವರ್‌ಗಿಂತ ನಿಂತ ಸರ್ವರ್ ಎಷ್ಟೋ ವಾಸಿ.

ಒಂದು ಎಚ್ಚರಿಕೆ. ಮೇಲ್ ತಪ್ಪು ಜಾಗಕ್ಕೆ ಹೋಗುತ್ತಿದ್ದರೆ, ಅಥವಾ ವಿಳಾಸಗಳು ದಾರಿಯಲ್ಲಿ ಬದಲಾಗುತ್ತಿದ್ದರೆ ಸಾಫ್ಟ್ ಬೌನ್ಸ್ ಕಾಪಾಡುವುದಿಲ್ಲ. ಪೋಸ್ಟ್‌ಫಿಕ್ಸ್ ಕೈಪಿಡಿಯೇ ಇದನ್ನು ಹೇಳುತ್ತದೆ. ಅಂಥ ಸಂದರ್ಭದಲ್ಲಿ ನಿಲ್ಲಿಸುವುದೇ ಸರಿ.

ಇದಾದ ಮೇಲೆ, ಏನನ್ನೂ ತಿದ್ದುವ ಮೊದಲು, ಈಗಿನ ಸ್ಥಿತಿಯ ನಕಲು ತೆಗೆದಿಡಿ. ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಒಳಗಿನ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಫೋಲ್ಡರ್‌ಗಳು, ಪೋಸ್ಟ್‌ಕಾನ್ಫ್ ಆಜ್ಞೆಗೆ ಸಣ್ಣಕ್ಷರದ -ಎನ್ ಕೊಟ್ಟರೆ ತೋರಿಸುವ ಪಟ್ಟಿ, ಹಿಂದಿನ ದಿನದಿಂದ ಈವರೆಗಿನ ಲಾಗ್, ಇಷ್ಟು ಬೇಕು. ಲಾಗ್ ಬಹಳ ಮುಖ್ಯ. ವಾಪಸ್ ಹೋದ ಮೇಲ್‌ಗಳ ಬಗ್ಗೆ ನಿಮ್ಮ ಹತ್ತಿರ ಉಳಿದಿರುವ ಒಂದೇ ಗುರುತು ಅದು. ಲಾಗ್ ಅನ್ನು ಕಡತಕ್ಕೆ ಬರೆಯುವ ಆರ್‌ಸಿಸ್‌ಲಾಗ್ ಡೆಬಿಯನ್ 12ರಲ್ಲಿ ತಾನಾಗಿ ಬರುವುದಿಲ್ಲ, ಹಾಗಾಗಿ ಹಳೆಯ ಅಭ್ಯಾಸದಂತೆ ವಾರ್/ಲಾಗ್ ಒಳಗೆ ಮೇಲ್.ಲಾಗ್ ಹುಡುಕಿದರೆ ಸಿಗದೆ ಗಾಬರಿಯಾಗಬಹುದು. ಜರ್ನಲ್‌ಸಿಟಿಎಲ್ ಆಜ್ಞೆಯಿಂದ ತೆಗೆದು ಬೇರೆ ಕಡತದಲ್ಲಿ ಉಳಿಸಿಕೊಳ್ಳಿ.

ತಪ್ಪು ಸಿಕ್ಕಿದ್ದು

ಲಾಗ್‌ನಲ್ಲಿ ಒಂದೇ ಬಗೆಯ ಸಾಲು ನೂರಕ್ಕೂ ಹೆಚ್ಚು ಸಲ ಇತ್ತು. ‘ನೋಕ್ಯೂ: ರಿಜೆಕ್ಟ್’ ಎಂದು ಶುರುವಾಗಿ, 550 5.1.1, ಅದಾದ ಮೇಲೆ ‘ಯೂಸರ್ ಅನ್‌ನೋನ್ ಇನ್ ಲೋಕಲ್ ರೆಸಿಪಿಯಂಟ್ ಟೇಬಲ್’. ಇದರಲ್ಲಿ ‘ಲೋಕಲ್’ ಎಂಬ ಪದದ ಮೇಲೆ ಬೆರಳಿಡಿ. ನಮ್ಮ ಕಚೇರಿಯ ಐಡಿಗಳು ಯಾವುವೂ ಲೋಕಲ್ ಅಲ್ಲ. ಅವು ವರ್ಚುವಲ್, ಅಂದರೆ ಲಿನಕ್ಸ್‌ನಲ್ಲಿ ಖಾತೆ ಇಲ್ಲದೆ ಡೇಟಾಬೇಸ್ ಪಟ್ಟಿಯಲ್ಲಿ ಮಾತ್ರ ಇರುವ ಹೆಸರುಗಳು. ಹಾಗಿದ್ದ ಮೇಲೆ ಸರ್ವರ್ ಅವರನ್ನು ಲೋಕಲ್ ಪಟ್ಟಿಯಲ್ಲಿ ಏಕೆ ಹುಡುಕಿತು?

ಇನ್ನೂ ಮೇಲಕ್ಕೆ ಹೋದರೆ ಪೋಸ್ಟ್‌ಫಿಕ್ಸ್ ರಾತ್ರಿಯೇ ಎಚ್ಚರಿಸಿತ್ತು. ನಮ್ಮ ಡೊಮೇನ್ ಹೆಸರು ಹೇಳಿ, ಇದನ್ನು ಮೈಡೆಸ್ಟಿನೇಶನ್ ಮತ್ತು ವರ್ಚುವಲ್_ಮೇಲ್‌ಬಾಕ್ಸ್_ಡೊಮೇನ್ಸ್ ಎರಡರಲ್ಲೂ ಹಾಕಬೇಡ ಎಂದು ಸ್ಪಷ್ಟವಾಗಿ ಬರೆದಿತ್ತು. ಮೊದಲನೆಯದು ಲೋಕಲ್ ಡೊಮೇನ್‌ಗಳ ಪಟ್ಟಿ, ಎರಡನೆಯದು ವರ್ಚುವಲ್ ಡೊಮೇನ್‌ಗಳ ಪಟ್ಟಿ. ಅದು ಬಂದದ್ದು ಹೀಗೆ. ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್ ಹಾಕುವಾಗ ಅದು ‘ಸಿಸ್ಟಮ್ ಮೇಲ್ ನೇಮ್’ ಕೇಳುತ್ತದೆ. ಅಲ್ಲಿ ಕಚೇರಿಯ ಡೊಮೇನ್ ಕೊಟ್ಟಿದ್ದೆ. ಅದು ಆ ಹೆಸರನ್ನು ತೆಗೆದುಕೊಂಡು ಮೈಡೆಸ್ಟಿನೇಶನ್‌ಗೂ ಸೇರಿಸಿಬಿಟ್ಟಿತು. ಹಳೆಯ ಸರ್ವರ್‌ನಿಂದ ಬೇಕಾದ ಸಾಲುಗಳನ್ನು ನಾನು ಕೆಳಗೆ ಅಂಟಿಸಿದೆ, ಮೇಲೆ ಇದ್ದ ಈ ಸಾಲನ್ನು ನೋಡಲಿಲ್ಲ. ಎರಡರಲ್ಲೂ ಹೆಸರಿದ್ದರೆ ಪೋಸ್ಟ್‌ಫಿಕ್ಸ್ ಮೈಡೆಸ್ಟಿನೇಶನ್ ಮಾತು ಕೇಳುತ್ತದೆ. ಲಿನಕ್ಸ್ ಖಾತೆಗಳಲ್ಲಿ, ಒಬ್ಬರ ಹೆಸರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕೊಡುವ ಅಲಿಯಾಸ್ ಪಟ್ಟಿಯಲ್ಲಿ ಹೆಸರು ಹುಡುಕುತ್ತದೆ, ಸಿಗದಿದ್ದರೆ 550.

ನಿಮ್ಮ ತಪ್ಪು ಬೇರೆಯಿರಬಹುದು, ಹುಡುಕುವ ದಾರಿ ಮಾತ್ರ ಇದೇ. ಪೋಸ್ಟ್‌ಕಾನ್ಫ್ -ಎನ್ ಆಜ್ಞೆ ನೀವು ಬದಲಿಸಿದ ಸೆಟ್ಟಿಂಗ್‌ಗಳನ್ನು ಮಾತ್ರ ತೋರಿಸುತ್ತದೆ. ಹಳೆಯ ಸರ್ವರ್‌ನ ಪಟ್ಟಿಯನ್ನೂ ಹೊಸದರ ಪಟ್ಟಿಯನ್ನೂ ಹೋಲಿಸಿ ತೋರಿಸುವ ಡಿಫ್ ಆಜ್ಞೆಗೆ ಕೊಟ್ಟರೆ ಹತ್ತಿಪ್ಪತ್ತು ಸಾಲಿನ ವ್ಯತ್ಯಾಸ ಸಿಗುತ್ತದೆ, ತಪ್ಪು ಅದರೊಳಗೇ ಇರುತ್ತದೆ. ಇಡೀ ಮೇನ್.ಸಿಎಫ್ ಓದುತ್ತ ಕೂರಬೇಡಿ, ಕಣ್ಣು ಜಾರುತ್ತದೆ. ಒಂದೇ ಸೆಟ್ಟಿಂಗ್ ಕಡತದಲ್ಲಿ ಎರಡು ಕಡೆ ಇದ್ದರೆ ಕೆಳಗಿನದೇ ಗೆಲ್ಲುತ್ತದೆ ಎಂಬುದೂ ನೆನಪಿರಲಿ. ಪಟ್ಟಿ ಕಡತ ತಿದ್ದಿ, ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಓಡಿಸದೆ ಬಿಟ್ಟಿರುವುದು, ಅಲಿಯಾಸ್ ತಿದ್ದಿ ನ್ಯೂಅಲಿಯಾಸಸ್ ಕೊಡದಿರುವುದು, ಇವು ನಾನು ಬೇರೆಯವರ ಸರ್ವರ್‌ಗಳಲ್ಲಿ ಹೆಚ್ಚು ಕಂಡ ತಪ್ಪುಗಳು.

ಮೈಡೆಸ್ಟಿನೇಶನ್‌ನಲ್ಲಿ ಲೋಕಲ್‌ಹೋಸ್ಟ್ ಮಾತ್ರ ಉಳಿಸಿದೆ. ಪೋಸ್ಟ್‌ಫಿಕ್ಸ್ ಚೆಕ್, ಆಮೇಲೆ ರೀಲೋಡ್. ಗಂಟೆ 10:25. ಒಂದು ಸಲಕ್ಕೆ ಒಂದೇ ಸಾಲು ತಿದ್ದಿ. ಅನುಮಾನ ಬಂದ ನಾಲ್ಕು ಸಾಲುಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗದು, ಅವುಗಳಲ್ಲಿ ಒಂದು ನಾಳೆಯ ತಪ್ಪಾಗಿ ಒಳಗೇ ಕೂತಿರುತ್ತದೆ. ಕಾಲು ಗಂಟೆ ಹುಡುಕಿದರೂ ಕಾರಣ ಸಿಗದಿದ್ದರೆ, ಹಳೆಯ ಸರ್ವರ್ ಇನ್ನೂ ಇದ್ದರೆ, ಅದಕ್ಕೇ ಹಿಂದಿರುಗಿ. ಕಾರಣವನ್ನು ನಿಧಾನವಾಗಿ ಹುಡುಕಬಹುದು.

ಪರೀಕ್ಷೆ ಸುಳ್ಳು ಹೇಳಿದ ಬಗೆ

ರಾತ್ರಿ ನಾನು ಪರೀಕ್ಷಿಸದೆ ಮಲಗಿರಲಿಲ್ಲ. ನನ್ನ ಜಿಮೇಲ್‌ನಿಂದ ಕಚೇರಿಯಲ್ಲಿರುವ ನನ್ನದೇ ಐಡಿಗೆ ಒಂದು ಮೇಲ್ ಕಳಿಸಿದ್ದೆ, ಪೋಸ್ಟ್‌ಮಾಸ್ಟರ್ ಐಡಿಗೆ ಇನ್ನೊಂದು. ಲಾಗ್‌ನಲ್ಲಿ ಎರಡಕ್ಕೂ ‘ಸ್ಟೇಟಸ್=ಸೆಂಟ್’ ಎಂದು ಬಂತು. ಸಮಾಧಾನದಿಂದ ಲ್ಯಾಪ್‌ಟಾಪ್ ಮುಚ್ಚಿದೆ.

ಆ ಸಾಲನ್ನು ಈಗ ಪೂರ್ತಿ ಓದೋಣ. ಅದರಲ್ಲಿ ‘ರಿಲೇ=ಲೋಕಲ್’ ಎಂದಿತ್ತು, ಕೊನೆಯಲ್ಲಿ ಆವರಣದೊಳಗೆ ‘ಡೆಲಿವರ್ಡ್ ಟು ಮೇಲ್‌ಬಾಕ್ಸ್’ ಎಂದಿತ್ತು. ಸರಿಯಾಗಿ ಹೋಗಿದ್ದರೆ ರಿಲೇ ಜಾಗದಲ್ಲಿ ಡವ್‌ಕಾಟ್ ಮೇಲ್ ಪಡೆಯುವ ಎಲ್‌ಎಂಟಿಪಿ ಸಾಕೆಟ್ ಹೆಸರು ಇರಬೇಕಿತ್ತು. ಹೊಸ ಯಂತ್ರದಲ್ಲಿ ನನ್ನ ಹೆಸರಿನ ಲಿನಕ್ಸ್ ಖಾತೆ ಇದೆ, ಏಕೆಂದರೆ ಅದರ ಒಳಗೆ ಕೆಲಸ ಮಾಡುವವಳು ನಾನು. ಪೋಸ್ಟ್‌ಮಾಸ್ಟರ್ ಅಲಿಯಾಸ್ ಪಟ್ಟಿಯಲ್ಲಿದೆ, ಅಲ್ಲಿಂದ ಯಂತ್ರದ ಮುಖ್ಯ ಖಾತೆಯಾದ ರೂಟ್‌ಗೆ, ರೂಟ್‌ನಿಂದ ನನಗೆ. ಹೀಗೆ ನಾನು ಆರಿಸಿಕೊಂಡ ಎರಡು ಐಡಿಗಳು ಮಾತ್ರ ತಪ್ಪು ಸೆಟ್ಟಿಂಗ್‌ನಲ್ಲೂ ಪಾಸಾಗುವಂಥವು. ಉಳಿದ ಮೂವತ್ತು ಚಿಲ್ಲರೆ ಜನರ ಐಡಿಗಳು ಫೇಲ್. ಇನ್‌ಬಾಕ್ಸ್ ತೆರೆದು ನೋಡಿದ್ದರೂ ತಿಳಿಯುತ್ತಿತ್ತು. ಆ ಮೇಲ್‌ಗಳು ಅಲ್ಲಿರಲಿಲ್ಲ, ವಾರ್/ಮೇಲ್ ಒಳಗಿನ ಕಡತವೊಂದರಲ್ಲಿ ಕೂತಿದ್ದವು.

ಅಂದಿನಿಂದ ಪರೀಕ್ಷೆ ಮಾಡುವುದು ಹೀಗೆ. ಸರ್ವರ್‌ನಲ್ಲಿ ಲಿನಕ್ಸ್ ಖಾತೆ ಇಲ್ಲದವರೊಬ್ಬರ ಐಡಿ ಆರಿಸುತ್ತೇನೆ. ಸಾಮಾನ್ಯವಾಗಿ ನಮ್ಮ ಅಕೌಂಟ್ಸ್ ವಿಭಾಗದವರ ಐಡಿ. ಹೊರಗಿನಿಂದ ಮೇಲ್ ಕಳಿಸಿ, ಅವರನ್ನೇ ಫೋನಿನಲ್ಲಿ ಕೇಳುತ್ತೇನೆ, ‘ಇನ್‌ಬಾಕ್ಸಲ್ಲಿ ಕಾಣ್ತಿದೆಯಾ?’ ಅವರು ‘ಬಂತು ಮೇಡಂ’ ಅಂದ ಮೇಲೇ ಬಂತು ಎಂದು ಲೆಕ್ಕ. ಅವರಿಂದ ಹೊರಗೆ ಒಂದು ಉತ್ತರ ಹಾಕಿಸುತ್ತೇನೆ, ಅದು ಜಿಮೇಲ್‌ಗೆ ಹೋದಾಗ ‘ಒರಿಜಿನಲ್ ತೋರಿಸು’ ಒತ್ತಿ, ಮೇಲ್ ನಿಜಕ್ಕೂ ನಮ್ಮ ಡೊಮೇನ್‌ನದೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಎಂದಿದೆಯೇ ನೋಡುತ್ತೇನೆ.

ಒಳಗೆ ಬರಬೇಕಾದದ್ದು ಬಂತೇ ಎಂದು ನೋಡಿದರೆ ಅರ್ಧ ಪರೀಕ್ಷೆ. ಬರಬಾರದ್ದು ನಿಂತಿತೇ ಎಂಬುದು ಉಳಿದರ್ಧ. ಇಲ್ಲದ ಹೆಸರೊಂದಕ್ಕೆ ಕಳಿಸಿ ನೋಡಿ, ನಿರಾಕರಿಸಬೇಕು. ಹೊರಗಿನ ಯಂತ್ರವೊಂದರಿಂದ, ಪಾಸ್‌ವರ್ಡ್ ಕೊಡದೆ, ನಿಮ್ಮ ಸರ್ವರ್ ಮೂಲಕ ಮೂರನೆಯವರ ಡೊಮೇನ್‌ಗೆ ಕಳಿಸಲು ಯತ್ನಿಸಿ, ‘ರಿಲೇ ಆಕ್ಸೆಸ್ ಡಿನೈಡ್’ ಬರಲೇಬೇಕು. ಸ್ವಾಕ್ಸ್ ಎಂಬ ಸಣ್ಣ ಸಲಕರಣೆಯಿಂದ ಇದನ್ನು ಮಾಡುವುದು ಸುಲಭ. ಸಾಫ್ಟ್ ಬೌನ್ಸ್ ಇನ್ನೂ ಹಾಕಿದ್ದರೆ 554ರ ಬದಲು 454 ಕಾಣುತ್ತದೆ, ಅದಕ್ಕೆ ಹೆದರಬೇಡಿ. ಮನೆಯ ಇಂಟರ್ನೆಟ್‌ನಿಂದ ಪೋರ್ಟ್ 25 ತೆರೆಯದೇ ಇರಬಹುದು, ಎಷ್ಟೋ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಬೇರೆ ಯಾವುದಾದರೂ ಸರ್ವರ್‌ನಿಂದ ಮಾಡಿ.

9:52ರಿಂದ 10:25ರ ನಡುವೆ ಬಂದವರಿಗೆ ನಮ್ಮ ಸರ್ವರ್ ‘ಆಮೇಲೆ ಬಾ’ ಅಂದಿತ್ತಲ್ಲ. ಲಾಗ್ ತೆರೆದಿಟ್ಟುಕೊಂಡು ಕೂತೆ. 10:31ಕ್ಕೆ ಮೊದಲನೆಯದು ಬಂತು, 11:30ರ ಹೊತ್ತಿಗೆ ಏಳು ಮೇಲ್‌ಗಳು ಯಾರಿಗೂ ಏನೂ ಹೇಳದೆ ತಾವಾಗಿ ಬಂದು ಸೇರಿದ್ದವು. ಕಳಿಸಿದವರಿಗೆ ತಡವಾದದ್ದೂ ಗೊತ್ತಿಲ್ಲ. ಹಿಂದಿನ ರಾತ್ರಿಯೇ ಆ ಒಂದು ಸಾಲು ಹಾಕಿದ್ದರೆ ಹನ್ನೊಂದು ಗಂಟೆಯ ಮೇಲ್‌ಗಳೆಲ್ಲ ಹೀಗೇ ಬರುತ್ತಿದ್ದವಲ್ಲ ಎಂದು ಆಗ ಸಂಕಟವಾಯಿತು.

ವಾರ್/ಮೇಲ್‌ನಲ್ಲಿ ಸಿಕ್ಕಿಬಿದ್ದ ನನ್ನ ಮೇಲ್‌ಗಳನ್ನು ಡವ್‌ಕಾಟ್‌ನ ಡವ್‌ಅಡ್ಮ್ ಇಂಪೋರ್ಟ್ ಆಜ್ಞೆಯಿಂದ ನನ್ನ ಖಾತೆಯಲ್ಲಿ ಬೇರೆ ಫೋಲ್ಡರ್ ಮಾಡಿ ಸೇರಿಸಿದೆ. ನೇರ ಇನ್‌ಬಾಕ್ಸ್‌ಗೆ ಸುರಿಯಬೇಡಿ, ಏನಾದರೂ ಎಡವಟ್ಟಾದರೆ ಬಿಡಿಸುವುದು ಕಷ್ಟ. ಕಡತ ಅಳಿಸುವ ಮುಂಚೆ ಎಣಿಕೆ ಎರಡೂ ಕಡೆ ಒಂದೇ ಇದೆಯೇ ನೋಡಿಕೊಳ್ಳಿ.

ಕಳೆದದ್ದನ್ನು ಕೇಳಿ ತರುವುದು

ಇದು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ, ಯಾವ ಆಜ್ಞೆಯಿಂದಲೂ ಆಗದ ಕೆಲಸ. ಸೆಟ್ಟಿಂಗ್ ಸರಿಮಾಡಿ ‘ಸಾಲ್ವ್ ಆಯ್ತು’ ಎಂದು ಎದ್ದು ಹೋಗುವವರು ಈ ಭಾಗವನ್ನೇ ಬಿಡುತ್ತಾರೆ, ನಷ್ಟವೆಲ್ಲ ಇಲ್ಲೇ ಆಗುತ್ತದೆ.

ರಿಜೆಕ್ಟ್ ಸಾಲಿನಲ್ಲಿ ಸಮಯ, ಕಳಿಸಿದ ಸರ್ವರ್‌ನ ಐಪಿ, ಯಾರಿಂದ, ಯಾರಿಗೆ ಎಂಬಷ್ಟೂ ಇರುತ್ತದೆ. ವಿಷಯ ಇರುವುದಿಲ್ಲ, ಏಕೆಂದರೆ ವಿಳಾಸ ಕೇಳಿದ ಕೂಡಲೇ ನಾವು ಬಾಗಿಲು ಹಾಕಿದೆವು, ಮೇಲ್‌ನ ಒಡಲು ನಮ್ಮವರೆಗೆ ಬರಲೇ ಇಲ್ಲ. ಬೇಕಾದ ಸಾಲು ಹುಡುಕಿಕೊಡುವ ಗ್ರೆಪ್ ಆಜ್ಞೆಯಿಂದ ಈ ಸಾಲುಗಳನ್ನು ಮಾತ್ರ ತೆಗೆದು, ಯಾರಿಂದ ಮತ್ತು ಯಾರಿಗೆ ಎಂಬ ಎರಡು ಕಾಲಂ ಉಳಿಸಿ, ಎಕ್ಸೆಲ್ ಹಾಳೆ ಮಾಡಿಕೊಂಡೆ. ಒಟ್ಟು 163 ಸಾಲು. ಅದರಲ್ಲಿ ಕಳಿಸಿದವರ ಜಾಗ ಖಾಲಿ ಇದ್ದವು ಬೇರೆ ಸರ್ವರ್‌ಗಳ ಬೌನ್ಸ್ ಸೂಚನೆಗಳು. ನಮ್ಮಲ್ಲಿ ಎಂದೂ ಇಲ್ಲದ ಹೆಸರುಗಳಿಗೆ ಬಂದವು ಸ್ಪ್ಯಾಮ್. ಅವನ್ನೆಲ್ಲ ತೆಗೆದ ಮೇಲೆ ನಿಜವಾದ ಕಳುಹಿಸಿದವರು 41 ಜನ ಉಳಿದರು.

ಹಾಳೆಯನ್ನು ಪ್ರಿಂಟ್ ತೆಗೆದು ಆಫೀಸ್ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಯಾವ ವಿಳಾಸ ಯಾರದು, ಯಾವುದು ತುರ್ತು ಎಂದು ಗೊತ್ತಿರುವುದು ಅವರಿಗೆ, ನನಗಲ್ಲ. ಕೆಂಪು ಪೆನ್ನಿನಲ್ಲಿ ಆರು ಹೆಸರಿಗೆ ಗುರುತು ಹಾಕಿದರು. ಆ ಆರಕ್ಕೆ ಮೇಲ್ ಬರೆಯಲಿಲ್ಲ, ಫೋನ್ ಮಾಡಿದೆವು. ಜರ್ಮನಿಯ ಖರೀದಿದಾರರಿಗೆ ಅಲ್ಲಿನ ಬೆಳಿಗ್ಗೆಯಾಗುವವರೆಗೆ, ಅಂದರೆ ನಮ್ಮ ಮಧ್ಯಾಹ್ನ ಒಂದೂವರೆವರೆಗೆ ಕಾದೆವು. ಉಳಿದವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅವರು ಯಾರಿಗೆ ಬರೆದಿದ್ದರೋ ಅವರ ಐಡಿಯಿಂದಲೇ ಹೀಗೆ ಬರೆಸಿದೆ:

‘ನಿನ್ನೆ ರಾತ್ರಿ 10:45ರಿಂದ ಇಂದು ಬೆಳಿಗ್ಗೆ 9:52ರ ಒಳಗೆ ನೀವು ನಮಗೆ ಕಳಿಸಿದ ಮೇಲ್ ನಮ್ಮ ಸರ್ವರ್‌ನ ತಪ್ಪಿನಿಂದ ನಿಮಗೆ ವಾಪಸ್ ಬಂದಿದೆ. ನೀವು ಹಾಕಿದ ವಿಳಾಸ ಸರಿಯಾಗಿಯೇ ಇತ್ತು. ಅದೇ ಮೇಲನ್ನು ಅದೇ ವಿಳಾಸಕ್ಕೆ ದಯವಿಟ್ಟು ಇನ್ನೊಮ್ಮೆ ಕಳಿಸಿ. ನಮ್ಮ ಯಾವ ವಿವರವೂ ಬದಲಾಗಿಲ್ಲ.’

ಕೊನೆಯ ವಾಕ್ಯ ಬೇಕೇ ಬೇಕು. ‘ನಮ್ಮ ಮೇಲ್ ಕೆಟ್ಟಿದೆ, ಸದ್ಯಕ್ಕೆ ಈ ಜಿಮೇಲ್‌ಗೆ ಕಳಿಸಿ’ ಎಂಬ ಸಂದೇಶ ರಫ್ತು ವ್ಯಾಪಾರದವರಿಗೆ ಚೆನ್ನಾಗಿ ಗೊತ್ತು. ಅದು ಮೋಸಗಾರರ ಮೊದಲ ಪತ್ರ. ಎರಡನೆಯ ಪತ್ರದಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದಿರುತ್ತದೆ. ಆದ್ದರಿಂದ ಎಂಥ ತುರ್ತು ಇದ್ದರೂ ತಾತ್ಕಾಲಿಕ ಜಿಮೇಲ್ ಐಡಿ ಕೊಡಬೇಡಿ, ಪತ್ರದಲ್ಲಿ ಲಿಂಕ್ ಹಾಕಬೇಡಿ, ಅಟ್ಯಾಚ್‌ಮೆಂಟ್ ಹಾಕಬೇಡಿ. ಅವತ್ತು ಕಚೇರಿಯಲ್ಲಿ ಒಬ್ಬರು ಆಗಲೇ ಜಿಮೇಲ್ ಐಡಿ ಮಾಡಲು ಹೊರಟಿದ್ದರು, ತಡೆದೆ.

ಮನುಷ್ಯರಾದರೆ ಬೌನ್ಸ್ ನೋಡಿ ಫೋನ್ ಮಾಡುತ್ತಾರೆ, ಮತ್ತೆ ಕಳಿಸುತ್ತಾರೆ. ತಾನಾಗಿ ಮೇಲ್ ಕಳಿಸುವ ಯಂತ್ರಗಳದ್ದು ಬೇರೆ ಕಥೆ. ಶಿಪ್ಪಿಂಗ್ ಲೈನ್‌ನ ಕಂಟೇನರ್ ಸೂಚನೆ, ಬ್ಯಾಂಕಿನ ಸ್ಟೇಟ್‌ಮೆಂಟ್, ಕೊರಿಯರ್‌ನ ಟ್ರ್ಯಾಕಿಂಗ್ ಬರುವುದು ದೊಡ್ಡ ಮೇಲ್ ಸೇವೆಗಳ ಮೂಲಕ. ಇಂಥ ಸೇವೆಗಳು ಒಂದು ವಿಳಾಸದಿಂದ ಶಾಶ್ವತ ಬೌನ್ಸ್ ಬಂದರೆ ಆ ವಿಳಾಸವನ್ನು ಸಪ್ರೆಶನ್ ಪಟ್ಟಿಗೆ ಸೇರಿಸುತ್ತವೆ. ಅಮೆಜಾನ್‌ನ ಎಸ್‌ಇಎಸ್ ಸೇವೆಯಲ್ಲಿ ಈ ವ್ಯವಸ್ಥೆ ಇದೆ. ಸೇರಿದ ಮೇಲೆ ಆ ಕಂಪನಿ ಎಷ್ಟು ಸಲ ಕಳಿಸಿದರೂ ಮೇಲ್ ಹೊರಡುವುದೇ ಇಲ್ಲ, ನಿಮ್ಮ ಲಾಗ್‌ನಲ್ಲೂ ಏನೂ ಕಾಣುವುದಿಲ್ಲ. ಆದ್ದರಿಂದ ಹಾಳೆಯಲ್ಲಿ ‘ನೋರಿಪ್ಲೈ’ ಮಾದರಿಯ ವಿಳಾಸಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ‘ನಮ್ಮ ಐಡಿ ನಿಮ್ಮ ಬೌನ್ಸ್ ಪಟ್ಟಿಯಲ್ಲಿದ್ದರೆ ತೆಗೆಯಿರಿ’ ಎಂದು ಹೇಳಿ. ಫೋನ್ ಎತ್ತಿದವರಿಗೆ ಮೊದಲ ಸಲ ಅರ್ಥವಾಗದೇ ಇರಬಹುದು, ತಾಂತ್ರಿಕ ವಿಭಾಗಕ್ಕೆ ಕೊಡಲು ಕೇಳಿ. ನಮಗೆ ಇಂಥವು ಒಂಬತ್ತು ಇದ್ದವು. ಎರಡು ಕಡೆಯಿಂದ ಸೂಚನೆಗಳು ನಿಂತೇ ಹೋಗಿದ್ದವು, ಕೇಳಿದ ಮೇಲೆ ಶುರುವಾದವು.

ಹೊರಗೆ ಹೋಗುವ ಕಡೆ ತಪ್ಪಾದರೆ

ಇದು ಬೇರೆ ಕಚೇರಿಯಲ್ಲಿ, ಎರಡು ವರ್ಷ ಮುಂಚೆ ಆದದ್ದು. ಅಲ್ಲಿ ಪೋಸ್ಟ್‌ಫಿಕ್ಸ್ ಡಾಕರ್ ಕಂಟೇನರ್ ಒಳಗೆ, ಅಂದರೆ ಅದೇ ಯಂತ್ರದಲ್ಲಿ ಬೇರ್ಪಡಿಸಿದ ಒಂದು ಜಾಗದಲ್ಲಿ, ಓಡುತ್ತಿತ್ತು. ಮೈನೆಟ್‌ವರ್ಕ್ಸ್ ಸಾಲಿನಲ್ಲಿ ಡಾಕರ್‌ನ ಒಳಜಾಲವನ್ನು ನಂಬಿಕಸ್ಥ ಎಂದು ಬರೆದಿದ್ದೆ. ಆ ಜೋಡಣೆಯಲ್ಲಿ ಹೊರಗಿನಿಂದ ಬಂದವರೆಲ್ಲರ ಐಪಿ ಒಳಗೆ ಬರುವಷ್ಟರಲ್ಲಿ ಡಾಕರ್ ಗೇಟ್‌ವೇಯ ಐಪಿಯಾಗಿ ಬದಲಾಗುತ್ತಿತ್ತು. ಅಂದರೆ ಲೋಕದವರೆಲ್ಲ ನಮ್ಮವರೇ. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ನಮ್ಮ ಸರ್ವರ್ ಮೂಲಕ ಮೇಲ್ ಕಳಿಸಬಹುದು. ಸ್ಪ್ಯಾಮ್ ಕಳಿಸುವವರು ಇದನ್ನು ಒಂದೇ ದಿನದಲ್ಲಿ ಕಂಡುಹಿಡಿದರು. ಕ್ಯೂನಲ್ಲಿ 14,000 ಮೇಲ್ ಇದ್ದವು.

ಇಲ್ಲಿ ಮೊದಲ ಕೆಲಸ ಹೊರಬಾಗಿಲು ಹಾಕುವುದು. ಪೋಸ್ಟ್‌ಸೂಪರ್ ಆಜ್ಞೆಗೆ ಸಣ್ಣಕ್ಷರದ -ಎಚ್ ಮತ್ತು ದೊಡ್ಡಕ್ಷರದಲ್ಲಿ ಆಲ್ ಕೊಟ್ಟರೆ ಕ್ಯೂನಲ್ಲಿ ಇರುವುದೆಲ್ಲ ತಡೆಹಿಡಿದು ನಿಲ್ಲುತ್ತದೆ. ದೊಡ್ಡಕ್ಷರದ -ಎಚ್ ಕೊಟ್ಟರೆ ಬಿಡುಗಡೆ. ಹೊಸದಾಗಿ ಬರುವುದಕ್ಕೆ ಇದು ಅನ್ವಯಿಸುವುದಿಲ್ಲ, ಅದಕ್ಕೆ ಡಿಫರ್_ಟ್ರಾನ್ಸ್‌ಪೋರ್ಟ್ಸ್ = ಎಸ್‌ಎಂಟಿಪಿ ಎಂದು ಬರೆದು ರೀಲೋಡ್ ಮಾಡಿ, ಹೊರಗೆ ಹೋಗಬೇಕಾದ್ದೆಲ್ಲ ಕ್ಯೂನಲ್ಲೇ ಉಳಿಯುತ್ತದೆ. ಮೈನೆಟ್‌ವರ್ಕ್ಸ್ ಸರಿಮಾಡಿದ ಮೇಲೆ ಕ್ಯೂ ಬಿಡಿಸಲು ಕೂರಿ.

ಎಲ್ಲವನ್ನೂ ಒಂದೇ ಏಟಿಗೆ ಅಳಿಸುವ ಆಜ್ಞೆ ಇದೆ. ಅದನ್ನು ಕೊಡಬೇಡಿ. ಆ ಹದಿನಾಲ್ಕು ಸಾವಿರದ ನಡುವೆ ಕಚೇರಿಯವರು ಬೆಳಿಗ್ಗೆಯಿಂದ ಕಳಿಸಿದ 60 ಮೇಲ್ ಇದ್ದವು. ಪೋಸ್ಟ್‌ಕ್ಯೂ -ಪಿ ಪಟ್ಟಿಯನ್ನು ಕಡತಕ್ಕೆ ಹಾಕಿ, ಕಳಿಸಿದವರ ವಿಳಾಸದ ಪ್ರಕಾರ ವಿಂಗಡಿಸಿ. ನಮ್ಮ ಡೊಮೇನ್‌ನವು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಅನುಮಾನ ಬಂದದ್ದನ್ನು ಪೋಸ್ಟ್‌ಕ್ಯಾಟ್ -ಕ್ಯೂ ಜೊತೆ ಅದರ ಕ್ಯೂ ಸಂಖ್ಯೆ ಕೊಟ್ಟು ತೆರೆದು ಓದಬಹುದು. ಸ್ಪ್ಯಾಮ್‌ನ ಸಂಖ್ಯೆಗಳನ್ನು ಮಾತ್ರ ಪೋಸ್ಟ್‌ಸೂಪರ್ -ಡಿಗೆ ಕೊಡಿ.

ಆಮೇಲೆ ಕಪ್ಪುಪಟ್ಟಿ. ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನ ತಪಾಸಣೆ ಪುಟದಲ್ಲಿ ನಿಮ್ಮ ಐಪಿ ಹಾಕಿದರೆ ಪಟ್ಟಿಯಲ್ಲಿದೆಯೇ, ಯಾವ ಕಾರಣಕ್ಕೆ ಎಂದು ಹೇಳುತ್ತದೆ, ತೆಗೆಯಲು ಕೋರುವ ದಾರಿಯೂ ಅಲ್ಲೇ ಇದೆ. ದುಡ್ಡು ಕೇಳುವುದಿಲ್ಲ. ಆದರೆ ರಂಧ್ರ ಮುಚ್ಚಿ, ಕ್ಯೂ ತೊಳೆದು, ರಿಲೇ ಪರೀಕ್ಷೆ ಹೊರಗಿನಿಂದ ಮಾಡಿದ ಮೇಲೇ ಕೋರಿಕೆ ಹಾಕಿ. ಮುಚ್ಚುವ ಮುಂಚೆ ಕೋರಿದರೆ ಮರುದಿನವೇ ಮತ್ತೆ ಪಟ್ಟಿ ಸೇರುತ್ತೀರಿ, ಎರಡನೆಯ ಸಲ ಅವರು ನಂಬುವುದು ಕಷ್ಟ.

ಡಿಎನ್‌ಎಸ್ ತಪ್ಪಿನ ಬಗ್ಗೆ ಒಂದೇ ಮಾತು. ನಿಮ್ಮ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆ ತಪ್ಪಾದರೆ ನೀವು ತಿದ್ದಿದ ಕೂಡಲೇ ಲೋಕಕ್ಕೆಲ್ಲ ತಿಳಿಯುವುದಿಲ್ಲ, ಹಳೆಯದರ ಟಿಟಿಎಲ್, ಅಂದರೆ ಅದನ್ನು ನೆನಪಿಟ್ಟುಕೊಳ್ಳುವ ಅವಧಿ, ಮುಗಿಯುವವರೆಗೆ ತಪ್ಪು ವಿಳಾಸಕ್ಕೇ ಬರುತ್ತಾರೆ. ಅದಕ್ಕೇ ಬದಲಾವಣೆಯ ಹಿಂದಿನ ದಿನವೇ ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿಡಬೇಕು. ಹಳೆಯ ಯಂತ್ರವನ್ನು ಕನಿಷ್ಠ ಒಂದು ವಾರ ಜೀವಂತ ಇಟ್ಟು, ಅಲ್ಲಿಗೆ ಬಂದದ್ದನ್ನು ಹೊಸದಕ್ಕೆ ದಾಟಿಸುವಂತೆ ಮಾಡಿ.

ಈಗ ನನ್ನ ಪದ್ಧತಿ

ಇಟಿಸಿ ಫೋಲ್ಡರ್ ಪೂರ್ತಿ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನಲ್ಲಿದೆ, ಇಟಿಸಿಕೀಪರ್ ಅದನ್ನು ನೋಡಿಕೊಳ್ಳುತ್ತದೆ. ಯಾವ ಸಾಲು ಯಾವಾಗ ಬದಲಾಯಿತು ಎಂದು ಒಂದೇ ಆಜ್ಞೆಯಲ್ಲಿ ಸಿಗುತ್ತದೆ. ಯಾವುದೇ ದೊಡ್ಡ ಬದಲಾವಣೆಗೆ ಮುಂಚೆ ಸಾಫ್ಟ್ ಬೌನ್ಸ್ ಹಾಕುತ್ತೇನೆ, ಕೆಲಸ ಮುಗಿದ ಒಂದು ಹಗಲು ಒಂದು ರಾತ್ರಿ ಹಾಗೇ ಬಿಡುತ್ತೇನೆ. ಆ ಅವಧಿಯಲ್ಲಿ ಮೂರು ಸಲ ಲಾಗ್ ನೋಡಿ, ನಾಲ್ಕರಿಂದ ಶುರುವಾದ ಉತ್ತರ ಯಾರಿಗೆ ಹೋಗಿದೆ ಎಂದು ಹೆಸರು ಹೆಸರಾಗಿ ಓದುತ್ತೇನೆ. ನಮ್ಮವರ ಹೆಸರು ಒಂದೂ ಇರಬಾರದು. ಆದರೆ ಅದನ್ನು ಹಾಕಿ ಮರೆಯುವಂತಿಲ್ಲ. ವಿಳಾಸದಲ್ಲಿ ಒಂದಕ್ಷರ ತಪ್ಪಿ ಕಳಿಸಿದ ಬೆಳೆಗಾರರಿಗೆ ‘ತಲುಪಲಿಲ್ಲ’ ಎಂಬ ಸುದ್ದಿ ದಿನಗಟ್ಟಲೆ ಸಿಗದೇ ಇರಬಹುದು, ತಲುಪಿತೆಂದೇ ಅವರು ಕಾಯುತ್ತಿರುತ್ತಾರೆ.

ಹೊತ್ತೂ ಬದಲಾಗಿದೆ. ರಾತ್ರಿ ಮಾಡಿದರೆ ಯಾರಿಗೂ ತೊಂದರೆಯಾಗುವುದಿಲ್ಲ ಎಂದುಕೊಂಡಿದ್ದೆ. ನಮ್ಮ ರಾತ್ರಿ ಜರ್ಮನಿಯ ಸಂಜೆ, ಅಮೆರಿಕದ ಹಗಲು. ಈಗ ಶನಿವಾರ ಬೆಳಿಗ್ಗೆ ಏಳಕ್ಕೆ ಶುರುಮಾಡುತ್ತೇನೆ, ಕಚೇರಿಯಲ್ಲಿ ಒಬ್ಬರು ಇನ್‌ಬಾಕ್ಸ್ ತೆರೆದುಕೊಂಡು ಕೂತಿರುತ್ತಾರೆ, ಇಡೀ ದಿನ ಕೈಯಲ್ಲಿರುತ್ತದೆ.

ಆ ಶುಕ್ರವಾರದ ಡ್ರಾಫ್ಟ್ ಬಿಎಲ್ 10:50ಕ್ಕೆ ಮತ್ತೆ ಬಂತು, ಮಧ್ಯಾಹ್ನದೊಳಗೆ ಒಪ್ಪಿಗೆ ಹೋಯಿತು, ಕಂಟೇನರ್ ತಪ್ಪಲಿಲ್ಲ. ಶನಿವಾರ ಸಂಜೆ ಐದಕ್ಕೆ ಸಾಫ್ಟ್ ಬೌನ್ಸ್ ತೆಗೆದು, ಇಲ್ಲದ ಹೆಸರೊಂದಕ್ಕೆ ಮೇಲ್ ಹಾಕಿ, 550 ಬಂದದ್ದನ್ನು ನೋಡಿಕೊಂಡೆ. ಮುಂದಿನ ಬುಧವಾರದ ಹೊತ್ತಿಗೆ 41ರಲ್ಲಿ 38 ಹೆಸರಿನ ಮುಂದೆ ಟಿಕ್ ಬಿದ್ದಿತ್ತು. ಉಳಿದ ಮೂವರಲ್ಲಿ ಒಬ್ಬರು ಮೂಡಿಗೆರೆ ಕಡೆಯ ಬೆಳೆಗಾರರು, ಮೇಲ್‌ಗೆ ಉತ್ತರವಿಲ್ಲ, ಫೋನ್ ನಂಬರ್ ನಮ್ಮಲ್ಲಿರಲಿಲ್ಲ. ಅವರ ಹೆಸರನ್ನು ಗೇಟಿನ ರಿಜಿಸ್ಟರ್‌ನಲ್ಲಿ ಬರೆಸಿಟ್ಟೆವು. ಎರಡು ವಾರದ ಮೇಲೆ ಕಾಫಿ ಚೆರಿ ಮೂಟೆ ತಂದಾಗ ವಾಚ್‌ಮನ್ ಅವರನ್ನು ಒಳಗೆ ಕರೆತಂದ. ಅವರು ಔಟ್‌ಟರ್ನ್ ರಿಪೋರ್ಟ್, ಅಂದರೆ ತಂದ ಕಾಫಿಯಿಂದ ಎಷ್ಟು ಬೀಜ ಸಿಕ್ಕಿತೆಂಬ ವರದಿ, ಕೇಳಿ ಬರೆದಿದ್ದರಂತೆ. ಅಲ್ಲೇ ಪ್ರಿಂಟ್ ತೆಗೆದು ಕೈಗೆ ಕೊಟ್ಟೆವು.